ಮಳೆಯ ಬಣ್ಣ ತಿಳಿಸಿದಿರಿ, ಕಡಲಿನ ಸ್ಥಿತಿ ತಿಳಿಸಲಿಲ್ಲ: ಕರಾವಳಿಯ ಹೊಣೆ ಹೊತ್ತವರಿಗೊಂದು ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದ ಕರಾವಳಿಯಲ್ಲಿ ಪ್ರವಾಸಿಗರ ಸುರಕ್ಷತೆಯ ಹೊಣೆ ಹೊತ್ತಿರುವ ಅಧಿಕಾರಿಗಳು ಮತ್ತು ಜನಪ್ರತಿನಿಧಿಗಳಿಗೆ

ವಿಷಯ: ಮಳೆಗಾಲದಲ್ಲಿ ಕಡಲತೀರಕ್ಕೆ ಬರುವ ಕುಟುಂಬಗಳಿಗೆ ಸಮುದ್ರದ ಮುನ್ನೆಚ್ಚರಿಕೆ ತಲುಪದಿರುವ ಬಗ್ಗೆ

ಮಾನ್ಯರೇ,

ನಾನು ಶಿವಮೊಗ್ಗದ ನಿವಾಸಿ. ಘಟ್ಟದ ಮೇಲಿನ ನಮ್ಮಂಥವರಿಗೆ ಕಡಲು ಒಂದು ದಿನದ ದಾರಿ. ಬೆಳಗಿನ ಜಾವ ಬುತ್ತಿ ಕಟ್ಟಿಕೊಂಡು ಹೊರಟರೆ ಉಡುಪಿಯಲ್ಲಿ ದೇವರ ದರ್ಶನ ಮುಗಿಸಿ, ಮಲ್ಪೆ ನೋಡಿ, ಹೆದ್ದಾರಿ ಹಿಡಿದು ಕುಂದಾಪುರ, ಮರವಂತೆಗಳನ್ನು ದಾಟಿ, ಹುಲಿಕಲ್ ಘಾಟಿ ಹತ್ತಿ ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು. ಕಳೆದ ಜುಲೈ ತಿಂಗಳ ಒಂದು ಭಾನುವಾರ ನಾವು ಹಾಗೆಯೇ ಹೊರಟಿದ್ದೆವು. ಜೊತೆಯಲ್ಲಿ ನನ್ನ ತಾಯಿ, ಹೆಂಡತಿ, ಮಕ್ಕಳು ಮತ್ತು ಬೆಂಗಳೂರಿನಿಂದ ಬಂದಿದ್ದ ಅಣ್ಣನ ಸಂಸಾರವಿತ್ತು. ಆ ದಿನ ನಾನು ಕಣ್ಣಾರೆ ಕಂಡದ್ದನ್ನು, ಆಮೇಲೆ ವಿಚಾರಿಸಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುವುದಕ್ಕಾಗಿ ಈ ಪತ್ರ. ಘಟನೆ ನಡೆದ ಕಡಲತೀರದ ಹೆಸರನ್ನು ಬೇಕೆಂದೇ ಬರೆದಿಲ್ಲ. ಹೆಸರು ಬರೆದರೆ ಅಲ್ಲಿನ ಯಾರೋ ಒಬ್ಬ ಕೆಳಗಿನ ನೌಕರನಿಗೆ ನೋಟಿಸು ಹೋಗುತ್ತದೆ, ಕಡತ ಅಲ್ಲಿಗೇ ಮುಚ್ಚುತ್ತದೆ. ನನ್ನ ದೂರು ಇಡೀ ವ್ಯವಸ್ಥೆಯ ಬಗ್ಗೆ.

ಹೊರಡುವ ಮುನ್ನ ನಾವು ಏನು ತಿಳಿದಿದ್ದೆವು ಎಂಬುದನ್ನು ಮೊದಲು ಹೇಳಬೇಕು. ಏಕೆಂದರೆ ಪ್ರವಾಸಿಗರಿಗೆ ಯಾವಾಗಲೂ ಸಿಗುವ ಮೊದಲ ಉತ್ತರ "ಹವಾಮಾನ ನೋಡಿಕೊಂಡು ಬರಬೇಕಿತ್ತು" ಎಂಬುದು. ನಾವು ನೋಡಿಕೊಂಡೇ ಹೊರಟಿದ್ದೆವು. ಶುಕ್ರವಾರ ಮತ್ತು ಶನಿವಾರ ಕರಾವಳಿಯಲ್ಲಿ ಜೋರು ಮಳೆಯಾಗಿ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಆಗ ನಾವು ಪ್ರವಾಸವನ್ನೇ ಕೈಬಿಡುವ ಯೋಚನೆಯಲ್ಲಿದ್ದೆವು. ಶನಿವಾರ ಸಂಜೆ ಹವಾಮಾನ ಇಲಾಖೆಯ ಎಚ್ಚರಿಕೆ ಕಿತ್ತಳೆಯಿಂದ ಹಳದಿಗೆ ಇಳಿಯಿತು. ದಿನವೊಂದಕ್ಕೆ 64.5 ಮಿಲಿಮೀಟರಿನಿಂದ 115.5 ಮಿಲಿಮೀಟರ್ ಮಳೆಗೆ ಸಾಮಾನ್ಯವಾಗಿ ಹಳದಿ, ಅದಕ್ಕೂ ಮೇಲೆ 204.4ರವರೆಗೆ ಕಿತ್ತಳೆ, ಅದನ್ನೂ ಮೀರಿದರೆ ಕೆಂಪು ಎಂಬ ಲೆಕ್ಕ ಈಗ ಶಾಲೆಯ ಮಕ್ಕಳಿಗೂ ಗೊತ್ತು, ರಜೆ ಸಿಗುವುದೇ ಆ ಲೆಕ್ಕದಿಂದ. ಆಗುಂಬೆಯ ಮಗ್ಗುಲಲ್ಲಿ ಬದುಕುವ ನಮಗೆ ಹಳದಿ ಬಣ್ಣದ ಮಳೆ ಒಂದು ಮಳೆಯೇ ಅಲ್ಲ. ಮಳೆ ಇಳಿಯಿತು, ಇನ್ನು ಹೋಗಬಹುದು ಎಂದು ಮನೆಯ ಹಿರಿಯರೆಲ್ಲ ಒಪ್ಪಿದ ಮೇಲೆಯೇ ಹೊರಟೆವು.

ಆದರೆ ಆ ಬಣ್ಣ ಹೇಳುವುದು ಆಕಾಶದಿಂದ ಬೀಳುವ ನೀರಿನ ಲೆಕ್ಕವನ್ನು. ಕಡಲಿನ ಲೆಕ್ಕ ಬೇರೆ, ಅದನ್ನು ಹೇಳುವ ಸಂಸ್ಥೆಯೂ ಬೇರೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಅಲೆಗಳ ಎತ್ತರದ ಮುನ್ಸೂಚನೆಯನ್ನು ಕರಾವಳಿಯ ಭಾಗಭಾಗಕ್ಕೂ ಹೊರಡಿಸುತ್ತದೆ. ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಮೀಟರ್, ಯಾವ ದಿನದ ಎಷ್ಟು ಗಂಟೆಯವರೆಗೆ ಎಂದು ಅದರಲ್ಲಿ ಸ್ಪಷ್ಟವಾಗಿ ಇರುತ್ತದೆ. ನಾವು ಹೊರಟ ದಿನಕ್ಕೂ ಎತ್ತರದ ಅಲೆಗಳ ಎಚ್ಚರಿಕೆ ಇತ್ತು, ಸೋಮವಾರ ರಾತ್ರಿಯವರೆಗೂ ಅದು ಊರ್ಜಿತದಲ್ಲಿತ್ತು ಎಂಬುದು ನನಗೆ ತಿಳಿದದ್ದು ಮನೆಗೆ ಮರಳಿ ಹುಡುಕಿದ ಮೇಲೆ. ಮಳೆ ನಿಂತೊಡನೆ ಕಡಲು ಇಳಿಯುವುದಿಲ್ಲ. ಆಳ ಸಮುದ್ರದಲ್ಲಿ ಬಿರುಗಾಳಿ ಎಬ್ಬಿಸಿದ ತೆರೆಗಳು ಗಾಳಿ ಅಡಗಿದ ಮೇಲೂ ನೂರಾರು ಮೈಲಿ ಹರಿದು ಬಂದು ದಡಕ್ಕೆ ಬಡಿಯುತ್ತಲೇ ಇರುತ್ತವೆ. ಮೀನುಗಾರರಿಗೆ ಇದು ಹೇಳಿಕೊಡಬೇಕಾದ ಪಾಠವಲ್ಲ. ಆದರೆ ದಾವಣಗೆರೆಯಿಂದಲೋ ಹಾವೇರಿಯಿಂದಲೋ ಬರುವವನು ಕಡಲಿನ ಸ್ಥಿತಿಯನ್ನು ಆಕಾಶ ನೋಡಿಯೇ ಅಳೆಯುತ್ತಾನೆ. ಆಡಳಿತ ಪ್ರವಾಸಿಗನಿಗೆ ಆಕಾಶದ ಸುದ್ದಿಯನ್ನಷ್ಟೇ ಹೇಳುತ್ತಿದೆ, ಕಡಲಿನ ಸುದ್ದಿಯನ್ನು ಮೀನುಗಾರನಿಗಷ್ಟೇ ಹೇಳುತ್ತಿದೆ ಎಂಬುದೇ ನನ್ನ ಮೂಲ ದೂರು.

ಇದು ನಮ್ಮ ರಾಜ್ಯದ ಸಮಸ್ಯೆ ಮಾತ್ರವೂ ಅಲ್ಲ. ಕೇರಳದವರು ಕಳ್ಳಕ್ಕಡಲ್ ಎಂದು ಕರೆಯುವ, ಸ್ಥಳೀಯವಾಗಿ ಗಾಳಿ ಮಳೆಯ ಸುಳಿವೇ ಇಲ್ಲದಾಗ ದೂರದ ದಕ್ಷಿಣ ಹಿಂದೂ ಮಹಾಸಾಗರದಿಂದ ಬಂದು ಏರುವ ಅಲೆಗಳ ಎಚ್ಚರಿಕೆ 2024ರ ಮೇ ಮೊದಲ ವಾರದಲ್ಲಿ ಹೊರಬಿದ್ದಿತ್ತು. ಅದೇ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಕಡಲತೀರವೊಂದರಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ಸತ್ತರು. ಎಚ್ಚರಿಕೆ ಕಾಗದದ ಮೇಲಿತ್ತು, ಆ ಮಕ್ಕಳ ಪ್ರಾಣ ಉಳಿಸಲಿಲ್ಲ.

ಈಗ ನಾನು ಕಂಡದ್ದಕ್ಕೆ ಬರುತ್ತೇನೆ. ಮಲ್ಪೆಯಲ್ಲಿ ಮಳೆಗಾಲಕ್ಕೆಂದು ತೀರದುದ್ದಕ್ಕೂ ಎತ್ತರದ ಬಲೆ ಕಟ್ಟಿ ಯಾರೂ ನೀರಿಗೆ ಇಳಿಯದಂತೆ ಮಾಡಿದ್ದರು. ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳೂ ನಿಂತಿದ್ದವು. ಇದು ಸರಿಯಾದ ಕ್ರಮ, ಇದಕ್ಕಾಗಿ ನನ್ನ ಮೆಚ್ಚುಗೆಯಿದೆ. ಬಲೆಯಾಚೆಯ ಕಡಲನ್ನು ನೋಡಿ ಮಕ್ಕಳು ಮುಖ ಸಣ್ಣದು ಮಾಡಿಕೊಂಡಾಗ ಚಹಾದಂಗಡಿಯವರೊಬ್ಬರು, ಹೆದ್ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಬಲೆ ಗಿಲೆ ಇಲ್ಲದ ತೀರವೊಂದಿದೆ ಎಂದು ಒಳ್ಳೆಯ ಮನಸ್ಸಿನಿಂದಲೇ ದಾರಿ ಹೇಳಿದರು. ನಮ್ಮಂತೆಯೇ ಅಲ್ಲಿಂದ ಹಲವು ವಾಹನಗಳು ಆ ಕಡೆಗೆ ತಿರುಗಿದವು. ಒಂದು ತೀರಕ್ಕೆ ಬೇಲಿ ಹಾಕಿ ಪಕ್ಕದ ತೀರವನ್ನು ಹಾಗೆಯೇ ಬಿಟ್ಟರೆ ಜನರು ಮನೆಗೆ ಮರಳುವುದಿಲ್ಲ, ಪಕ್ಕದ ತೀರಕ್ಕೆ ಹೋಗುತ್ತಾರೆ. ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಕರಾವಳಿಗೆ ಪೂರ್ತಿ ಬಲೆ ಕಟ್ಟಲಾಗದು ಎಂಬುದು ನನಗೂ ಗೊತ್ತು.

ಆ ತೀರದ ದಾರಿಯ ಬಾಯಲ್ಲಿ, ಗಾಳಿಮರಗಳ ಕೆಳಗೆ, ಕೊಡೆ ಹಿಡಿದ ಹುಡುಗನೊಬ್ಬ ನಮ್ಮ ಕಾರನ್ನು ನಿಲ್ಲಿಸಿ ಪಾರ್ಕಿಂಗ್ ಹಣ ಕೇಳಿದ. ಕೊಟ್ಟ ಚೀಟಿ ಮಳೆಗೆ ನೆನೆದು ಶಾಯಿ ಹರಡಿತ್ತು, ಅದರಲ್ಲಿ ಓದಲು ಬರುತ್ತಿದ್ದದ್ದು ಒಂದೇ ಸಾಲು, "ವಾಹನ ಹಾಗೂ ಸಾಮಾನುಗಳಿಗೆ ಮಾಲೀಕರೇ ಜವಾಬ್ದಾರರು." ಕಡಲು ಹೇಗಿದೆಯಪ್ಪಾ ಎಂದು ಅಣ್ಣ ಕೇಳಿದ್ದಕ್ಕೆ ಹುಡುಗ, "ಹೋಗಿ ಸಾರ್, ತುಂಬಾ ಜನ ಇದ್ದಾರೆ" ಎಂದ. ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ, ನಿಜಕ್ಕೂ ತುಂಬಾ ಜನ ಇದ್ದರು. ಜಡಿಮಳೆ ಬಂದು ಹೋಗಿ ಮಾಡುತ್ತಿತ್ತು, ಗಾಳಿಗೆ ಕೊಡೆಗಳು ಮಗುಚುತ್ತಿದ್ದವು, ಆದರೂ ಚುರುಮುರಿ ಗಾಡಿಯ ಸುತ್ತ ಜಾತ್ರೆಯಂತೆ ಜನ ನೆರೆದಿದ್ದರು. ಗೂಡಂಗಡಿಯ ಹಿಂದೆ, ಅದರ ಟಾರ್ಪಾಲಿನಿಂದ ಅರ್ಧ ಮುಚ್ಚಿಹೋಗಿ, "ಈಜುವುದನ್ನು ನಿಷೇಧಿಸಲಾಗಿದೆ" ಎಂಬ ತುಕ್ಕು ಹಿಡಿದ ಫಲಕವಿತ್ತು. ಅಲ್ಲಿ ಯಾರೂ ಈಜುತ್ತಿರಲಿಲ್ಲ. ಎಲ್ಲರೂ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಮಳೆಗಾಲದ ಅಲೆಗಳು ದಡದ ಮರಳನ್ನು ಕೊರೆದುಕೊಂಡು ಹೋಗುವುದರಿಂದ, ಬೇಸಿಗೆಯಲ್ಲಿ ಸಪಾಟಾಗಿರುವ ತೀರ ಆಗ ಕಡಿದಾದ ಇಳಿಜಾರಾಗಿರುತ್ತದೆ. ಮೇಲೇರಿ ಬಂದ ನೀರು ಅದೇ ಇಳಿಜಾರಿನಲ್ಲಿ ರಭಸದಿಂದ ಹಿಂದಕ್ಕೆ ಹರಿಯುವಾಗ ಅಂಗಾಲಿನ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಹತ್ತು ಅಲೆ ಕಾಲು ತೊಳೆದು ಹೋಗಬಹುದು. ಹನ್ನೊಂದನೆಯದು ಸೊಂಟದವರೆಗೆ ಬರಬಹುದು. ನಮ್ಮ ಎದುರಿಗೇ ಆದದ್ದು ಅದು. ಹತ್ತು ವರ್ಷದ ಆಸುಪಾಸಿನ ಹುಡುಗನೊಬ್ಬ ತಂದೆಯ ಕೈ ಹಿಡಿದು ಕಡಲಿಗೆ ಬೆನ್ನು ಮಾಡಿ ನಿಂತಿದ್ದ, ತಾಯಿ ಮೊಬೈಲ್ ಹಿಡಿದು ಇನ್ನಷ್ಟು ಹಿಂದೆ ಸರಿಯಲು ಹೇಳುತ್ತಿದ್ದರು. ದೊಡ್ಡ ತೆರೆಯೊಂದು ಹಿಂದಿನಿಂದ ಬಡಿದಾಗ ತಂದೆ ಮುಗ್ಗರಿಸಿ ಮೊಣಕಾಲೂರಿದರು, ಹುಡುಗನ ಕೈ ಜಾರಿತು. ನೀರು ಹಿಂದೆ ಸರಿಯುವಾಗ ಅವನು ಉರುಳುತ್ತಾ ಇಳಿಜಾರಿನಲ್ಲಿ ಹೋದದ್ದು ಕಂಡಿತು, ಆಮೇಲೆ ಎರಡನೆಯ ತೆರೆಯ ನೊರೆಯಲ್ಲಿ ಕಾಣಲಿಲ್ಲ.

ಅವನನ್ನು ಉಳಿಸಿದವರು ಪಕ್ಕದ ಚಪ್ಪರದಲ್ಲಿ ಬಲೆ ರಿಪೇರಿ ಮಾಡುತ್ತಾ ಕುಳಿತಿದ್ದ ಮೀನುಗಾರರು. "ಕಡ್ಲ್ ಸಮ ಇಲ್ಲೆ ಮರಾಯ್ರೆ, ಮಕ್ಳನ್ ಕರ್ಕಂಡ್ ಮೇಲ್ ಬನ್ನಿ" ಎಂದು ಅವರಲ್ಲೊಬ್ಬರು ಅದಕ್ಕೂ ಮೊದಲೇ ಕೂಗಿ ಕೂಗಿ ಹೇಳುತ್ತಿದ್ದರು. ಅವರೇ ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು, ಇನ್ನೊಂದು ತುದಿಯನ್ನು ಜೊತೆಯವರ ಕೈಗೆ ಕೊಟ್ಟು ನೀರಿಗೆ ನುಗ್ಗಿ ಹುಡುಗನ ಅಂಗಿಯ ಕಾಲರು ಹಿಡಿದು ಎಳೆತಂದರು. ಹುಡುಗ ಉಪ್ಪುನೀರು ಕಾರಿಕೊಂಡು ಅಳಲು ಶುರುಮಾಡಿದ ಮೇಲೆ ಎಲ್ಲರಿಗೂ ಉಸಿರು ಬಂತು. ಹತ್ತಿರದ ಮನೆಯ ಹೆಂಗಸೊಬ್ಬರು ಒಣಗಿದ ಬೈರಾಸು ತಂದು ಹೊದಿಸಿದರು, ಅವರ ಮನೆಯಲ್ಲಿಯೇ ಅವನ ತಾಯಿಗೆ, ನೆನೆದು ನಡುಗುತ್ತಿದ್ದ ನನ್ನ ತಾಯಿಗೆ ಬಟ್ಟೆ ಬದಲಿಸಲು ಜಾಗ ಸಿಕ್ಕಿತು. ತೀರದಲ್ಲಿದ್ದ ಶೌಚಾಲಯಕ್ಕೆ ಬೀಗ ಹಾಕಿತ್ತು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಜೀವರಕ್ಷಕ ಇರಲಿಲ್ಲವೇ ಎಂದು ತಾವು ಕೇಳಬಹುದು. ಇದ್ದರು, ಒಬ್ಬರು. ಘಟನೆ ನಡೆದಾಗ ಅವರು ತೀರದ ಇನ್ನೊಂದು ತುದಿಯಲ್ಲಿ ಬಂಡೆ ಹತ್ತಿದ್ದ ಯುವಕರ ಗುಂಪೊಂದನ್ನು ಕೆಳಗಿಳಿಸಲು ಒದ್ದಾಡುತ್ತಿದ್ದರು. ಓಡಿ ಬಂದಾಗ ಅವರ ಕೈಯಲ್ಲಿದ್ದದ್ದು ಒಂದು ಪೀಪಿ, ಕೋಲಿಗೆ ಕಟ್ಟಿದ ಕೆಂಪು ಬಟ್ಟೆ. ಮೈಮೇಲೆ ಮಳೆಯಂಗಿ ಸಹ ಇರಲಿಲ್ಲ. ಆಮೇಲೆ ಮಾತಾಡಿಸಿದಾಗ, ಪೀಪಿ ಊದಿದರೆ ಜನ ನಗುತ್ತಾರೆ, ಗದರಿದರೆ "ನೀನ್ಯಾರು ಕೇಳೋಕೆ, ಪಾರ್ಕಿಂಗಿಗೆ ದುಡ್ಡು ಕೊಟ್ಟಿಲ್ವಾ" ಎಂದು ಮೈಮೇಲೆ ಬರುತ್ತಾರೆ ಎಂದು ಹೇಳಿಕೊಂಡರು. ಆ ಪ್ರಶ್ನೆ ಒರಟಾದರೂ ಅದರೊಳಗೊಂದು ತರ್ಕವಿದೆ. ಆಡಳಿತದ ಒಂದು ಕೈ ಹಣ ಪಡೆದು ಒಳಗೆ ಬಿಡುತ್ತದೆ, ಇನ್ನೊಂದು ಕೈ ಪೀಪಿ ಊದಿ ಹೊರಗೆ ಕಳಿಸುತ್ತದೆ. ಹಣ ಪಡೆದದ್ದನ್ನೇ ಅನುಮತಿ ಎಂದು ಜನ ತಿಳಿದರೆ ತಪ್ಪನ್ನು ಪೂರ್ತಿ ಅವರ ಮೇಲೆ ಹೊರಿಸಲಾಗದು.

ಪ್ರವಾಸಿಗರು ಮಾತು ಕೇಳುವುದಿಲ್ಲ ಎಂಬ ಅಧಿಕಾರಿಗಳ ದೂರನ್ನು ನಾನು ಅಲ್ಲಗಳೆಯುವುದಿಲ್ಲ. ಅದೇ ದಿನ ಸಂಜೆ ಮರವಂತೆಯಲ್ಲಿ, ಒಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ ಇರುವ ಆ ಹೆದ್ದಾರಿಯಲ್ಲಿ, ಜನರು ವಾಹನಗಳನ್ನು ಬದಿಗೊತ್ತಿ, ಮಳೆಯಲ್ಲಿ ವೇಗವಾಗಿ ಬರುವ ಲಾರಿಗಳ ಎದುರು ರಸ್ತೆ ದಾಟಿ, ಕಡಲ್ಕೊರೆತ ತಡೆಯಲು ಹಾಕಿದ ಪಾಚಿಗಟ್ಟಿದ ಬಂಡೆಗಳ ಮೇಲೆ ಹಸುಗೂಸುಗಳನ್ನು ಎತ್ತಿಕೊಂಡು ಹತ್ತುತ್ತಿದ್ದುದನ್ನು ಕಂಡೆ. ನೋಡಿ ಸಿಟ್ಟು ಬಂತು. ಆದರೆ ಯೋಚಿಸಿ: ಇವರೆಲ್ಲ ನೂರಾರು ಕಿಲೋಮೀಟರ್ ಬಂದವರು. ಕಡಲನ್ನು ಕಾಣದೆ ಹಿಂದಿರುಗಿ ಎಂದರೆ ಯಾರೂ ಹಿಂದಿರುಗುವುದಿಲ್ಲ. ಸುರಕ್ಷಿತವಾಗಿ ನಿಂತು ನೋಡಲು ಮಾಡಿನ ಕೆಳಗೊಂದು ಕಟ್ಟೆ, ಅದಕ್ಕೊಂದು ಕಟಾಂಜನ, ವಾಹನ ನಿಲ್ಲಿಸಲು ಹೆದ್ದಾರಿಯಿಂದ ಒಳಗೆ ಸ್ವಲ್ಪ ಜಾಗ ಇದ್ದರೆ ಬಂಡೆ ಹತ್ತುವವರ ಸಂಖ್ಯೆ ತಾನಾಗಿ ಇಳಿಯುತ್ತದೆ. ನಿಷೇಧದ ಜೊತೆಗೆ ಇಂಥ ಏರ್ಪಾಡೂ ಇರಬೇಕು. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ 2020ರಲ್ಲಿ, ಸ್ವಚ್ಛ ಹಾಗೂ ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ (ನೀಲಿ ಬಾವುಟ) ಎಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆತಾಗ ಶೌಚಾಲಯ, ಜೀವರಕ್ಷಕರು, ಮಾಹಿತಿ ಫಲಕಗಳು ಅದರ ಷರತ್ತುಗಳಾಗಿದ್ದವು; ಬಾವುಟ ಇಲ್ಲದ ತೀರಗಳಿಗೆ ಬರುವವರ ಪ್ರಾಣಕ್ಕೂ ಅಷ್ಟೇ ಬೆಲೆ.

ರಾಜ್ಯಕ್ಕೆ ಕಡಲನ್ನು ಮುಚ್ಚಿ ಗೊತ್ತಿಲ್ಲವೆಂದಲ್ಲ. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮಂಗಳೂರಿನಿಂದ ಕಾರವಾರದವರೆಗೆ ಯಾಂತ್ರೀಕೃತ ದೋಣಿಗಳು ಲಂಗರು ಹಾಕಿ ನಿಲ್ಲುತ್ತವೆ. ಅದು ಮೀನಿನ ಸಂತಾನಕ್ಕಾಗಿ ಮಾಡಿದ ನಿಯಮ, ಸಾವಿರಾರು ಕುಟುಂಬಗಳು ಹೊಟ್ಟೆಗೆ ಬಟ್ಟೆ ಕಟ್ಟಿಕೊಂಡು ಅದನ್ನು ಪಾಲಿಸುತ್ತವೆ. ಕಡಲನ್ನೇ ನಂಬಿದವರ ಕಸುಬನ್ನು ಎರಡು ತಿಂಗಳು ನಿಲ್ಲಿಸಬಲ್ಲ ಸರ್ಕಾರಕ್ಕೆ, ಅಲೆ ಏರಿದ ಒಂದು ದಿನ ಪಾರ್ಕಿಂಗ್ ಗುತ್ತಿಗೆಯನ್ನು ನಿಲ್ಲಿಸಲು ಆಗದೆಂದರೆ ನಂಬುವುದು ಕಷ್ಟ.

ದುರಂತ ನಡೆದ ಮೇಲೆ ಮುಚ್ಚುವುದೂ ಗೊತ್ತಿದೆ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದಾಗ ಆ ತೀರವನ್ನು ಮುಚ್ಚಲಾಯಿತು. ಅದು ಮಳೆಗಾಲವೂ ಆಗಿರಲಿಲ್ಲ. ರಸ್ತೆಯ ಮಾತೂ ಹೀಗೆಯೇ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿ ನದಿಯವರೆಗೆ ಮಣ್ಣು ನುಗ್ಗಿದಾಗ, ಸತ್ತವರಲ್ಲಿ ರಸ್ತೆ ಬದಿಯ ಚಹಾದ ಹೋಟೆಲಿನ ಸಂಸಾರವಿತ್ತು. ಕಡಿದು ನಿಲ್ಲಿಸಿದ ಗುಡ್ಡಗಳ ಬುಡದಲ್ಲಿ ಮಳೆ ತಪ್ಪಿಸಿಕೊಳ್ಳಲು ವಾಹನ ನಿಲ್ಲಿಸುವುದು ಇಂದಿಗೂ ನಡೆದೇ ಇದೆ. ಎಲ್ಲಿ ನಿಲ್ಲಬಾರದು, ಎಲ್ಲಿ ನಿಲ್ಲಬಹುದು ಎಂದು ಹೇಳುವ ಫಲಕ ನಮ್ಮ ದಾರಿಯಲ್ಲಿ ನನ್ನ ಕಣ್ಣಿಗಂತೂ ಬೀಳಲಿಲ್ಲ.

ಆದ್ದರಿಂದ ನನ್ನ ವಿನಂತಿಗಳು ಇವು. ಮಳೆಯ ಎಚ್ಚರಿಕೆ ಮತ್ತು ಕಡಲಿನ ಎಚ್ಚರಿಕೆಯನ್ನು ಒಂದೇ ಪ್ರಕಟಣೆಯಲ್ಲಿ, ಸರಳ ಕನ್ನಡದಲ್ಲಿ, ತೀರಗಳ ಹೆಸರು ಹಿಡಿದು ಪ್ರತಿ ಸಂಜೆ ಹೊರಡಿಸಬೇಕು. "ನಾಳೆ ಮಳೆ ಕಡಿಮೆ, ಆದರೆ ಕಡಲು ಅಪಾಯಕಾರಿಯಾಗಿದೆ, ನೀರಿನ ಹತ್ತಿರ ಹೋಗಬೇಡಿ" ಎಂಬ ಒಂದು ವಾಕ್ಯ ಆ ಶನಿವಾರ ನಮಗೆ ತಲುಪಿದ್ದರೆ ನಾವು ಆ ತೀರದ ಕಡೆ ತಿರುಗುತ್ತಲೇ ಇರಲಿಲ್ಲ. ಅದು ತಲುಪಬೇಕಾದ ಜಾಗ ನೀರಿನ ಅಂಚಲ್ಲ; ಅಲ್ಲಿಗೆ ಬಂದವನು ಈಗಾಗಲೇ ಪೆಟ್ರೋಲು ಸುಟ್ಟು, ಮಕ್ಕಳಿಗೆ ಮಾತು ಕೊಟ್ಟು ಬಂದಿರುತ್ತಾನೆ. ಆಗುಂಬೆ, ಹುಲಿಕಲ್, ಚಾರ್ಮಾಡಿ, ಶಿರಾಡಿ, ಅರಬೈಲು ಘಾಟಿಗಳ ತಲೆಯಲ್ಲಿ, ಉಡುಪಿ, ಕೊಲ್ಲೂರು, ಮುರುಡೇಶ್ವರಗಳ ದೇವಸ್ಥಾನದ ಆವರಣಗಳಲ್ಲಿ, ಬಸ್ ನಿಲ್ದಾಣ ಮತ್ತು ವಸತಿಗೃಹಗಳಲ್ಲಿ ಅದು ಕಾಣಬೇಕು. ಹೆದ್ದಾರಿಯ ಟೋಲ್ ದಾಟಿದ ಕ್ಷಣದಲ್ಲಿ ಫಾಸ್ಟ್ಯಾಗ್‌ನಿಂದ ಹಣ ಕಡಿತವಾದ ಸಂದೇಶ ನನ್ನ ಮೊಬೈಲಿಗೆ ಬಂತು. ಕಡಲಿನ ಸಂದೇಶಕ್ಕೆ ಬರಲು ಏನಡ್ಡಿ? 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳೆಲ್ಲ ಒಮ್ಮೆಲೇ ಜೋರಾಗಿ ಸದ್ದು ಮಾಡಿ ತುರ್ತು ಎಚ್ಚರಿಕೆಯ ಪರೀಕ್ಷಾ ಸಂದೇಶ ತೋರಿಸಿದ್ದು ಬಹಳ ಜನರಿಗೆ ನೆನಪಿರಬಹುದು. ಆ ತಂತ್ರವನ್ನು ಎತ್ತರದ ಅಲೆಗಳ ದಿನ ಕರಾವಳಿಯ ಮೊಬೈಲ್ ಗೋಪುರಗಳ ವ್ಯಾಪ್ತಿಗೆ ಬರುವವರಿಗಾಗಿ ಬಳಸಬೇಕು.

ಅಂಥ ದಿನಗಳಲ್ಲಿ ತೀರವನ್ನು ಮುಖ್ಯರಸ್ತೆಯ ತಿರುವಿನಲ್ಲಿಯೇ ಮುಚ್ಚಬೇಕು, ಪಾರ್ಕಿಂಗ್ ವಸೂಲಿ ಮತ್ತು ಅಂಗಡಿಗಳ ವ್ಯಾಪಾರವನ್ನು ನಿಲ್ಲಿಸಬೇಕು. ಗೂಡಂಗಡಿಯವರ ಒಂದು ದಿನದ ಸಂಪಾದನೆ ಹೋಗುತ್ತದೆ ಎಂಬುದು ನಿಜ, ಅವರ ನೆಲಬಾಡಿಗೆಯಲ್ಲಿ ಅಷ್ಟನ್ನು ಬಿಟ್ಟುಕೊಡುವುದು ನ್ಯಾಯ. ಜೀವರಕ್ಷಕರನ್ನು ಹೆಚ್ಚಿಸಿ, ಅವರಿಗೆ ಮಳೆಯಂಗಿ, ಹಗ್ಗ, ತೇಲುವ ಬಳೆ, ಧ್ವನಿವರ್ಧಕ ಕೊಟ್ಟು, ರಜಾದಿನಗಳಲ್ಲಿ ಜೊತೆಗೆ ಗೃಹರಕ್ಷಕ ಸಿಬ್ಬಂದಿಯನ್ನೋ ಪೊಲೀಸರನ್ನೋ ನಿಲ್ಲಿಸಬೇಕು. ಪೀಪಿಗೆ ಬೆಲೆ ಬರುವುದು ಅದರ ಹಿಂದೆ ಅಧಿಕಾರ ಇದ್ದಾಗ. ಬಲೆ ಹೆಣೆಯುತ್ತಾ ದಡದಲ್ಲಿಯೇ ಇರುವ ಮೀನುಗಾರ ಯುವಕರಿಗೆ ನಿಷೇಧದ ಆ ಎರಡು ತಿಂಗಳು ಸಂಬಳ ಕೊಟ್ಟು ಈ ಕೆಲಸಕ್ಕೆ ತೆಗೆದುಕೊಂಡರೆ ಕಡಲನ್ನು ಬಲ್ಲವರೇ ಕಾವಲಿಗೆ ಸಿಗುತ್ತಾರೆ. ಹೆದ್ದಾರಿಯಲ್ಲಿ ಕುಸಿಯುವ ಗುಡ್ಡಗಳ ಬುಡದಿಂದ ದೂರವಿರುವ ಸುರಕ್ಷಿತ ತಂಗುಜಾಗಗಳನ್ನು ಗುರುತಿಸಿ ಫಲಕ ಹಾಕುವ ಕೆಲಸವೂ ಮುಂದಿನ ಮಳೆಗೆ ಮುನ್ನ ಆಗಬೇಕು.

ಕಡಲತೀರಗಳ ಪಾರ್ಕಿಂಗ್ ಮತ್ತು ಅಂಗಡಿಗಳ ಗುತ್ತಿಗೆಯನ್ನು ಮುಂದಿನ ಸಲ ಕರೆಯುವಾಗ, ಎತ್ತರದ ಅಲೆಗಳ ಎಚ್ಚರಿಕೆ ಇರುವ ದಿನ ವಸೂಲಿ ಮಾಡಿದರೆ ಗುತ್ತಿಗೆ ರದ್ದಾಗುತ್ತದೆ ಎಂಬ ಷರತ್ತೊಂದನ್ನು ಟೆಂಡರ್ ಪತ್ರದಲ್ಲಿ ಸೇರಿಸಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಅನುದಾನವೂ ಬೇಕಿಲ್ಲ. ಮುಂದಿನ ಜೂನ್ 1ರೊಳಗೆ ಯಾವ ಯಾವ ತೀರದಲ್ಲಿ ಆ ಷರತ್ತು ಜಾರಿಗೆ ಬಂದಿದೆ ಎಂಬುದನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಶಿವಮೊಗ್ಗದ ಒಬ್ಬ ನಾಗರಿಕ